ಮೂರನೇ ಕೋಣೆಯಿಂದ ಬಂದ ಉತ್ತರ

ಇದು ಯಾರೋ ಹೇಳಿದ್ದನ್ನು ಇನ್ಯಾರೋ ಕೇಳಿ, ಬಣ್ಣ ಹಚ್ಚಿ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಅವಳು ಸುಳ್ಳು ಹೇಳುವವಳಲ್ಲ. ಹೇಳೋಣ ಅಂದರೂ ಅವಳಿಗೆ ಅಷ್ಟು ಪುರುಸೊತ್ತಿಲ್ಲ.

ರಾತ್ರಿ ಎಂಟು ದಾಟಿತ್ತು. ಗಲ್ಲಿಯ ಕೊನೆಯಲ್ಲಿ ನಾಲ್ಕು ಮಹಡಿಯ ಹಳೇ ಕಟ್ಟಡ. ಅದರ ಅಂಗಳದಲ್ಲಿ ಒಂದು ಬಾವಿ. ಬಾವಿ ಅಂದರೆ ಬಾವಿ ಕಾಣುವುದಿಲ್ಲ... ಮೇಲೆ ಸಿಮೆಂಟಿನ ಚಪ್ಪಡಿ ಮುಚ್ಚಿದ್ದಾರೆ. ಚಪ್ಪಡಿಯ ಪಕ್ಕ ಒಂದು ಪಂಪು. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದರೆ ತಾನಾಗಿ ಶುರುವಾಗುತ್ತದೆ, ತುಂಬಿದರೆ ತಾನಾಗಿ ನಿಲ್ಲುತ್ತದೆ. ಅವಳು ಅಂಗಳಕ್ಕೆ ಕಾಲಿಟ್ಟ ಹೊತ್ತಿಗೇ ಅದು ಶುರುವಾಯಿತು. ಮೊದಲು 'ಖಟ್'. ಆಮೇಲೆ 'ಹೂಂ...' ಅಂತ ಹೊಟ್ಟೆಯೊಳಗಿನ ದನಿ. ಕೆಳಗೆಲ್ಲೋ ನೀರು ಗುಳುಗುಳು ಅಂದಿತು.

ಅವಳು ಬೆಚ್ಚಲಿಲ್ಲ. ಬೆಚ್ಚುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಅದು ಆ ದಿನದ ಒಂಬತ್ತನೇ ಮನೆ.

ಚಪ್ಪಡಿಯ ಮೇಲೆ ಯಾರೋ ಕೂತಿದ್ದರು. ಹತ್ತಿರ ಹೋದರೆ ಒಬ್ಬ ಹೆಂಗಸು, ಸುತ್ತ ಗಂಟುಮೂಟೆ, ಪಾತ್ರೆ ತುಂಬಿದ ಎರಡು ಬಕೆಟ್ಟು, ಸುರುಳಿ ಸುತ್ತಿದ ಹಾಸಿಗೆ. ಹಾಸಿಗೆಯ ಮೇಲೆ ಮೂರ್ನಾಲ್ಕು ವರ್ಷದ ಮಗಳು, ಶೂ ಸಮೇತ ನಿದ್ದೆ ಹೋಗಿದ್ದಳು.

"ಕರೆಂಟ್ ಚೆಕ್ ಮಾಡೋರು ನೀವೇನಾ?" ಹೆಂಗಸು ಪಿಸುದನಿಯಲ್ಲಿ ಕೇಳಿದಳು, ಮಗು ಏಳಬಾರದು ಅಂತ.

"ಹ್ಞೂಂ."

"ಎಷ್ಟೊತ್ತಾಗುತ್ತೆ?"

"ಎಲ್ಲಾ ಸರಿ ಇದ್ರೆ ಒಂದು ಗಂಟೆ."

ಸರಿ ಇಲ್ಲದಿದ್ದರೆ ಅಂತ ಹೆಂಗಸು ಕೇಳಲಿಲ್ಲ. ಹಳೇ ಮನೆಯ ಬೀಗದ ಕೈ ಬೆಳಗ್ಗೆಯೇ ಕೊಟ್ಟುಬಿಟ್ಟಿದ್ದಳಂತೆ. ಅಲ್ಲಿಗೆ ಆಗಲೇ ಬೇರೆಯವರು ಬಂದಾಗಿತ್ತು. ಟೆಂಪೊದವನು ಸಾಮಾನನ್ನೆಲ್ಲ ಬಾವಿಯ ಹತ್ತಿರ ಇಳಿಸಿ ಹೊರಟುಹೋಗಿದ್ದ. ಇಲ್ಲಿ ಮೂರನೇ ಮಹಡಿಯ ಮನೆ ಖಾಲಿ ಇದೆ, ಸುಣ್ಣಬಣ್ಣ ಆಗಿದೆ, ಕೀ ಕೂಡ ರೆಡಿ... ಆದರೆ ಸರ್ಟಿಫಿಕೇಟು ಬರುವ ತನಕ ಒಳಗೆ ಬಿಡುವ ಹಾಗಿಲ್ಲ.

ಆ ಊರಿನ ನಿಯಮವೇ ಹಾಗೆ. ಬಾಡಿಗೆಗೆ ಕೊಡುವ ಮನೆಯ ವೈರಿಂಗನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಒಂದೊಂದು ಪ್ಲಗ್ ಪಾಯಿಂಟಿಗೂ ಮೀಟರ್ ಹಿಡಿದು, ಬಂದ ಅಂಕಿಯನ್ನು ಫಾರಮ್ಮಿನಲ್ಲಿ ಬರೆದು, ಕೆಳಗೆ ಸಹಿ ಹಾಕಬೇಕು. ಆ ಸಹಿ ಹಾಕುವವಳು ನಮ್ಮ ಅಕ್ಕ. ಹದಿನಾರು ವರ್ಷದಿಂದ ಅದೇ ಕೆಲಸ. ಹಾಗಾಗಿ ಮನೆಯಲ್ಲಿ ಎಲ್ಲರೂ ಅವಳನ್ನು ಮೀಟರಕ್ಕ ಅನ್ನುತ್ತೇವೆ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಬಾಗಿಲ ಬಳಿ ಬೋರ್ಡಿನ ಮುಂದೆ, ಇನ್ನೊಬ್ಬರು ಕೋಣೆಯೊಳಗೆ. ಬೋರ್ಡಿನವರು ಒಂದು ಸ್ವಿಚ್ಚನ್ನು ಕೆಳಗೆ ತಳ್ಳಿ "ಹೋಯ್ತಾ?" ಅಂತ ಕೂಗಬೇಕು. ಕೋಣೆಯವರು "ಹೋಯ್ತು" ಅನ್ನಬೇಕು. ಮತ್ತೆ ಮೇಲೆ ತಳ್ಳಿ "ಬಂತಾ?" "ಬಂತು." ಯಾವ ಎಲೆಕ್ಟ್ರಿಷಿಯನ್ನನ್ನು ಬೇಕಾದರೂ ಕೇಳಿ, ಅರ್ಧ ಆಯುಸ್ಸು ಈ ನಾಲ್ಕು ಮಾತಿನಲ್ಲೇ ಕಳೆದಿರುತ್ತದೆ. ಮೀಟರಕ್ಕನಿಗೆ ಹನ್ನೊಂದು ವರ್ಷ ಕೋಣೆಯೊಳಗಿಂದ ಉತ್ತರ ಕೊಟ್ಟವರು ಇಕ್ಕಳ ಮಾವ. ಸೊಂಟದಲ್ಲಿ ಸದಾ ಇಕ್ಕಳ ಸಿಕ್ಕಿಸಿಕೊಂಡಿರುತ್ತಿದ್ದರು, ಮದುವೆ ಮನೆಗೆ ಹೋದರೂ. ಮಂಡಿ ಹಾಳಾಗಿ ಅವರು ಮನೆಯಲ್ಲಿ ಕೂತ ಮೇಲೆ ಆಫೀಸಿನವರು ಇನ್ನೊಬ್ಬರನ್ನು ಕೊಡಲಿಲ್ಲ. ಒಬ್ಬರೇ ಸುಧಾರಿಸಿಕೊಳ್ಳಿ ಅಂದರು. ಅವಳು ಸುಧಾರಿಸಿಕೊಂಡಳು. ಆದರೆ ನಾಲಿಗೆಗೆ ಅಂಟಿದ ಅಭ್ಯಾಸ ಹೋಗಲಿಲ್ಲ. ಖಾಲಿ ಮನೆಯಲ್ಲೂ "ಹೋಯ್ತಾ?" ಅಂತ ಕೂಗುವುದು, ಆಮೇಲೆ ತಾನೇ ಕಾಲೆಳೆದುಕೊಂಡು ಹೋಗಿ ನೋಡುವುದು. ರಾತ್ರಿ ನಿದ್ದೆಯಲ್ಲೂ ಕೂಗುತ್ತಾಳೆ. ಭಾವ ಕಣ್ಣು ತೆರೆಯದೆಯೇ "ಹೋಯ್ತು ಕಣೇ, ಮಲಕ್ಕೋ" ಅನ್ನುತ್ತಿದ್ದರು.

ಈಗ ಅನ್ನುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಬ್ರೋಕರು ಬಂದ. ಕಿರುಬೆರಳಿಗೆ ದೊಡ್ಡ ಬಳೆಯಷ್ಟು ಕೀ ಗೊಂಚಲು, ಕಿವಿಗೆ ಫೋನು. ಮೂರು ಮಹಡಿ ಹತ್ತಿಸಿ, ಬಾಗಿಲು ತೆಗೆದು, ಬೇಗ ಮುಗಿಸಿ ಅಂದ. ಹೊಸ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಬಾಗಿಲ ಪಕ್ಕವೇ ಬೋರ್ಡು. ಎದುರಿಗೆ ಹಾಲ್, ಅಡುಗೆಮನೆ. ಅಲ್ಲಿಂದ ಒಂದು ಉದ್ದ ಓಣಿ. ಓಣಿಯಲ್ಲಿ ಮೂರು ಕೋಣೆ. ಮೊದಲೆರಡರ ಬಾಗಿಲು ಹಾರುಹೊಡೆದಿತ್ತು. ಕೊನೆಯದು ಮುಚ್ಚಿತ್ತು.

"ಅದು ಸ್ಟೋರ್ ರೂಮು ಮೇಡಂ. ಅವರಿಗೆ ಕೊಡ್ತಾ ಇಲ್ಲ. ಪಕ್ಕದ ರೂಮಿನ ಲೆಕ್ಕಾನೇ ಅದಕ್ಕೂ ಹಾಕ್ಬಿಡಿ."

"ಕೀ ಇಲ್ವಾ?"

"ಎಲ್ಲದರ ಮೇಲೂ ಅನುಮಾನ ನಿಮಗೆ. ನಿಮ್ಮ ಯಜಮಾನ್ರು ಹೇಗಿದ್ದಾರೋ ಪಾಪ."

"ಅವರ ಅರ್ತಿಂಗ್ ಸರಿಯಾಗಿದೆ," ಅಂದಳು ಮೀಟರಕ್ಕ. ಅವಳ ತಮಾಷೆ ಅಷ್ಟೇ. ನಗುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು.

ಅವನು ನಗುತ್ತಾ ಫೋನು ಹಿಡಿದು ಕೆಳಗೆ ಹೋದ. ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಟಪ್ ಟಪ್ ಅಂತ ಇಳಿದು ಹೋಯಿತು... ಆಮೇಲೆ ಏನೂ ಇಲ್ಲ.

ಅವಳು ಬೋರ್ಡಿನ ಮುಚ್ಚಳ ತೆಗೆದಳು. ಏಳು ಸ್ವಿಚ್ಚು. ಯಾವುದು ಎಲ್ಲಿಯದು ಅಂತ ಬರೆದ ಚೀಟಿಗಳ ಮೇಲೆ ಪೇಂಟು ಬಳಿದುಬಿಟ್ಟಿದ್ದರು. ಅಂದರೆ ಮೊದಲಿಂದ ಹುಡುಕಬೇಕು. ಹಾಲ್, ಅಡುಗೆಮನೆ, ಮೊದಲೆರಡು ಕೋಣೆ... ನಾಲ್ಕು ಸ್ವಿಚ್ಚಿನ ಲೆಕ್ಕ ಸಿಕ್ಕಿತು. ಪ್ರತಿ ಸಲವೂ ಹೋಗಿ ನೋಡಿ ಬರುವುದು. ಮಂಡಿ ಅವಳದೂ ಇಕ್ಕಳ ಮಾವನ ದಾರಿಯನ್ನೇ ಹಿಡಿದಿತ್ತು.

ಐದನೆಯದನ್ನು ಕೆಳಗೆ ತಳ್ಳಿದಳು. 'ಟಕ್.' ಅಭ್ಯಾಸದಲ್ಲಿ ಕೂಗಿದಳು.

"ಹೋಯ್ತಾ?"

"ಇಲ್ಲ."

ಓಣಿಯ ಕೊನೆಯಿಂದ ಬಂತು. ಗಂಡಸಿನ ದನಿ. ಗಟ್ಟಿಯಿಲ್ಲ, ಮೆಲುವೂ ಇಲ್ಲ... ಸಾಕಾದವರ ದನಿ. ಕೆಲಸ ಮುಗಿದ ಮೇಲೂ ಯಾರೋ ಕೆಲಸ ಹೇಳಿದಾಗ ಬರುತ್ತದಲ್ಲ, ಅಂಥದ್ದು.

ಬಣ್ಣದವನು ಒಳಗೇ ಇದ್ದಾನೆ ಅಂದುಕೊಂಡಳು. ಹೆದರಿಕೆಯ ಮಾತು ಬಿಡಿ, ನಿಜವಾಗಿ ಅವಳಿಗೆ ಆದದ್ದು ಖುಷಿ. ನಡೆದು ಹೋಗಿ ನೋಡುವುದು ತಪ್ಪಿತಲ್ಲ. ಇಕ್ಕಳ ಮಾವ ಕೆಲಸ ಬಿಟ್ಟ ಮೇಲೆ ಅವಳ ಕೂಗಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಆರನೆಯದು. 'ಟಕ್.'

"ಈಗ ಹೋಯ್ತಾ?"

"...ಹೋಯ್ತು."

"ಬಂತಾ?"

"ಬಂತು."

ಆರನೆಯದರ ಕೆಳಗೆ 'ಮೂರನೇ ಕೋಣೆ, ದೀಪ' ಅಂತ ಚೀಟಿ ಅಂಟಿಸಿದಳು. ಇನ್ನೂ ಮನೆಗೆ ಹೋಗಿಲ್ವಾ ಅಂತ ವಿಚಾರಿಸಿದಳು. ಇಲ್ಲ ಅಂದಿತು ದನಿ. ನನ್ನದೂ ಅದೇ ಕತೆ ಅಂದಳು.

ಇನ್ನು ಮೇನ್ ತೆಗೆಯಬೇಕು. ಇಡೀ ಮನೆಯ ಕರೆಂಟು ತೆಗೆದ ಮೇಲೆಯೇ ವೈರಿಗೆ ಕೈ ಹಾಕುವುದು. ತಲೆಗೆ ಟಾರ್ಚು ಕಟ್ಟಿಕೊಂಡು ಮೇನ್ ಸ್ವಿಚ್ಚನ್ನು ಎಳೆದಳು. 'ಧಡಕ್.' ಮನೆ ಕತ್ತಲಾಯಿತು. ಕೆಳಗೆ ಅಂಗಳದಲ್ಲಿ ಪಂಪು ಮತ್ತೆ ಶುರುವಾಗಿತ್ತು... 'ಹೂಂ...'

"ಪೂರ್ತಿ ಹೋಯ್ತಾ?"

ಓಣಿಯ ಕೊನೆಯಿಂದ ಬಂತು,

"ಲೈಟ್ ಹೋಯ್ತು... ಇದು ಹೋಗಿಲ್ಲ."

"ಯಾವುದು?"

ಕೇಳುತ್ತಲೇ ಅವಳು ಚೀಲಕ್ಕೆ ಕೈ ಹಾಕಿದಳು.

ಮೇನ್ ತೆಗೆದ ಮೇಲೂ ಒಂದು ಪಾಯಿಂಟಿನಲ್ಲಿ ಕರೆಂಟು ಇದೆ ಅಂದರೆ ಅದು ಬೇರೆ ಎಲ್ಲಿಂದಲೋ ಬರುತ್ತಿದೆ ಅಂತ ಅರ್ಥ. ಈ ಕಸುಬಿನವರಿಗೆ ದೆವ್ವಕ್ಕಿಂತ ಅದರ ಭಯ ಹೆಚ್ಚು. ಅವಳ ಹತ್ತಿರ ಒಂದು ಪೆನ್ನಿನಂಥದ್ದು ಇದೆ. ಮುಟ್ಟಬೇಕಾಗಿಲ್ಲ, ಹತ್ತಿರ ಕರೆಂಟು ಇದ್ದರೆ ಸಾಕು, ಕೂಗುತ್ತದೆ. ಅದನ್ನು ಮುಂದೆ ಚಾಚಿಕೊಂಡು ಓಣಿಯಲ್ಲಿ ನಡೆದಳು. ಮೊದಲನೇ ಕೋಣೆ... ಸುಮ್ಮನಿತ್ತು. ಎರಡನೆಯದು... ಸುಮ್ಮನಿತ್ತು. ಮೂರನೆಯದರ ಗೋಡೆಗೆ ಹಿಡಿದಳು.

'ಟೀಂ. ಟೀಂ. ಟೀಂ. ಟೀಂ.'

ಅಷ್ಟರಲ್ಲಿ ಕೆಳಗೆ 'ಖಟ್' ಅಂತ ಪಂಪು ನಿಂತಿತು.

ಪೆನ್ನೂ ನಿಂತಿತು.

"ಈಗ ಹೋಯ್ತು," ಅಂದಿತು ದನಿ. ಬಾಗಿಲಿಗೆ ಬಾಯಿಟ್ಟು ಹೇಳಿದಷ್ಟು ಹತ್ತಿರದಿಂದ.

ಅವಳು ಬಾಗಿಲು ತಟ್ಟಿದಳು. "ಸ್ವಲ್ಪ ತೆಗೀರಿ. ಪ್ಲಗ್ ನೋಡ್ಬೇಕು."

"ಈಗಷ್ಟೇ ಮಲಗಿದೀನಿ... ಆಮೇಲೆ ಬನ್ನಿ."

ಆಗ ಅವಳಿಗೆ ಬಂದದ್ದು ಸಿಟ್ಟು. ಎಂಟೂವರೆಗೆ ಬಣ್ಣದವನಿಗೂ ನಿದ್ದೆ, ನನಗೆ ಮಾತ್ರ ಇಲ್ಲ ಅಂತ. ಮತ್ತೆ ತಟ್ಟಿದಳು. ಮತ್ತೆ. ಹಿಂದೆ ಚಪ್ಪಲಿ ಸದ್ದಾಯಿತು. ಬ್ರೋಕರು ಮೇಲೆ ಬಂದಿದ್ದ.

"ಯಾರ ಹತ್ರ ಮಾತಾಡ್ತಿದೀರಿ?"

ಒಳಗೆ ಪೇಂಟರು ಇದ್ದಾರಲ್ಲ ಅಂದಳು.

ಅವನ ಮುಖ ನೋಡಬೇಕಿತ್ತಂತೆ. ಪೇಂಟರು ಕೆಲಸ ಮುಗಿಸಿ ಮೊನ್ನೆಯೇ ಹೋಗಿದ್ದರು. ಮೂರನೇ ಕೋಣೆಯ ಕೀ ಗೊಂಚಲಿನಲ್ಲೇ ಇತ್ತು, ಅವನು ಕೊಟ್ಟಿರಲಿಲ್ಲ ಅಷ್ಟೇ. ಅವಳು ಟಾರ್ಚಿನ ಬೆಳಕನ್ನು ಬಾಗಿಲಿಗೆ ಹಿಡಿದಳು. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯ ಮೇಲೆ ಹೊಸ ಬಣ್ಣ ಒಂದೇ ಸಮ ಒಣಗಿ ಕೂತಿತ್ತು. ಎಲ್ಲೂ ಒಡೆದಿರಲಿಲ್ಲ. ಮೊನ್ನೆಯಿಂದ ಈ ಬಾಗಿಲನ್ನು ಯಾರೂ ತೆಗೆದಿಲ್ಲ.

ಅವಳು ಬ್ಲೇಡಿನಿಂದ ಬಣ್ಣ ಕುಯ್ದಳು. 'ಪರ್ರ್...' ಅಂತ ಉದ್ದಕ್ಕೆ. ಬೀಗ ತಿರುಗಿತು. ಬಾಗಿಲು ಒಳಕ್ಕೆ ಹೋಯಿತು.

ಯಾರೂ ಇರಲಿಲ್ಲ.

ಪುಟ್ಟ ಕೋಣೆ. ಒಂದೇ ಕಿಟಕಿ, ಒಳಗಿಂದ ಚಿಲಕ. ನೆಲದ ಮೇಲೆ ಬೆರಳಲ್ಲಿ ಬರೆಯಬಹುದಾದಷ್ಟು ಧೂಳು. ಧೂಳಿನ ಮೇಲೆ ಒಂದು ಹೆಜ್ಜೆಯೂ ಇಲ್ಲ. ಗೋಡೆಯಲ್ಲಿ ನೆಲದಿಂದ ಒಂದು ಗೇಣು ಮೇಲೆ ಪ್ಲಗ್ ಪಾಯಿಂಟು. ಅದರ ಸುತ್ತ ಹಳೇ ಬಣ್ಣದಡಿಯಿಂದ ಕಂದು ಕಲೆ ಎದ್ದು ಕಾಣುತ್ತಿತ್ತು, ಇಸ್ತ್ರಿ ಪೆಟ್ಟಿಗೆ ಮರೆತು ಇಟ್ಟ ಬಟ್ಟೆಯ ಹಾಗೆ.

ಬ್ರೋಕರು ಓಣಿಯಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ. ಆಮೇಲೆ ಪಿಸುಪಿಸು ಅಂತ ಒಪ್ಪಿಸಿದ. ಮುಂಚೆ ಇಲ್ಲಿ ಒಬ್ಬ ಇದ್ದ. ಒಂಟಿ ಮನುಷ್ಯ. ರಾತ್ರಿ ಪಾಳಿ ಕೆಲಸ, ಹಗಲೆಲ್ಲ ನಿದ್ದೆ. ಯಾರಿಗೂ ತೊಂದರೆ ಕೊಟ್ಟವನಲ್ಲ. ಎರಡು ವರ್ಷದ ಹಿಂದೆ ಮೂರು ದಿನ ಕಾಣಲಿಲ್ಲ ಅಂತ ಬಾಗಿಲು ಒಡೆದರು. ಈ ಕೋಣೆಯಲ್ಲೇ, ಆ ಗೋಡೆಯ ಬುಡದಲ್ಲೇ ಬಿದ್ದಿದ್ದ. ಬಲಗೈ ಮುಂದಕ್ಕೆ ಚಾಚಿತ್ತು. ಡಾಕ್ಟರು ಹಾರ್ಟು ಅಂತ ಬರೆದರು. ವಯಸ್ಸೂ ಆಗಿತ್ತು, ಯಾರೂ ಮತ್ತೆ ಕೇಳಲಿಲ್ಲ. ಆಮೇಲೆ ಬಂದವರಿಗೆಲ್ಲ ಅದು ಸ್ಟೋರ್ ರೂಮು ಅಂತಲೇ ಹೇಳಿ ಬೀಗ ಹಾಕಿಟ್ಟರು.

"ಸೈನ್ ಮಾಡಿ ಹೋಗೋಣ ಮೇಡಂ," ಅಂದ. "ರೂಮಿಗೆ ಬೀಗ ಹಾಕಿಬಿಡ್ತೀನಿ. ಆಯಮ್ಮ ಪಾಪ, ಮಗು ಕಟ್ಕೊಂಡು ಎಲ್ಲಿಗೆ ಹೋಗ್ತಾಳೆ?"

ಮೀಟರಕ್ಕ ಚೀಲದಿಂದ ಹಳೇ ವರದಿಯ ನಕಲು ತೆಗೆದಳು. ಐದು ವರ್ಷದ ಹಿಂದಿನದು. ಯಾವ ಮನೆಗೆ ಹೋದರೂ ಅದನ್ನು ಕೊಟ್ಟು ಕಳಿಸುತ್ತಾರೆ. ಯಾರೂ ಬಿಡಿಸಿ ನೋಡುವುದಿಲ್ಲ. ಟಾರ್ಚಿನ ಬೆಳಕಲ್ಲಿ ಬಿಡಿಸಿದಳು. ಎರಡನೇ ಕೋಣೆಯ ಅಂಕಿಯೂ ಮೂರನೇ ಕೋಣೆಯ ಅಂಕಿಯೂ ಒಂದೇ. ಕೊನೆಯ ಚುಕ್ಕಿಯವರೆಗೆ ಒಂದೇ. ಕೆಳಗೆ ಸಹಿ ಅವಳದೇ.

ಇಕ್ಕಳ ಮಾವನಿಗೆ ಫೋನು ಮಾಡಿದಳು. ಊಟದ ನಡುವೆ ಎತ್ತಿದರು. ಬಾವಿ ಇರುವ ಅಂಗಳ, ಮೂರನೇ ಮಹಡಿ ಅಂದಳು. ಆ ಕಡೆ ಅಗಿಯುವುದು ನಿಂತಿತು.

"ಹೌದು ಕಣಮ್ಮ. ಆತ ಆ ಕೋಣೆ ಬಾಗಿಲೇ ತೆಗೀಲಿಲ್ಲ. ಈಗಷ್ಟೇ ಮಲಗಿದೀನಿ, ಆಮೇಲೆ ಬನ್ನಿ ಅಂದ. ಅವತ್ತು ಹತ್ತು ಮನೆ ಇತ್ತಲ್ಲ... ನಾನೇ ಹೊರಗಿಂದ ಕೇಳಿದೆ, ಲೈಟ್ ಹೋಯ್ತಾ ಅಂತ. ಹಾಸಿಗೆಯಿಂದಲೇ ಹೋಯ್ತು ಅಂದ. ಬಂತಾ ಅಂದೆ. ಬಂತು ಅಂದ. ಪಾಪ, ನಾವು ತೊಲಗಿದ್ರೆ ಸಾಕಾಗಿತ್ತು ಅವನಿಗೆ. ನೀನು ಬರ್ಕೊಂಡೆ."

"ಪ್ಲಗ್‌ಗೆ ಮೀಟರ್ ಹಾಕಿದ್ವಾ ಮಾವ?"

ಮಾವ ತಟ್ಟೆಯಲ್ಲೇ ಕೈ ತೊಳೆದ ಸದ್ದು ಕೇಳಿಸಿತು.

ಅವಳು ಓಣಿಯಲ್ಲಿ ನಿಂತಳು. ಸಹಿ ಹಾಕಿದರೆ ಹತ್ತು ನಿಮಿಷದಲ್ಲಿ ಎಲ್ಲರಿಗೂ ಮನೆ. ಆ ಹೆಂಗಸಿಗೆ ಈ ಮನೆ, ಇವಳಿಗೆ ಇವಳ ಮನೆ. ಸ್ಟೋರ್ ರೂಮು ಅಂದರೂ ನಾಳೆ ನಾಡಿದ್ದು ಬೀಗ ತೆಗೆಸಿಕೊಳ್ಳುತ್ತಾರೆ, ಮಗು ಅಲ್ಲಿ ಆಡುತ್ತದೆ, ಗೇಣೆತ್ತರದ ಪ್ಲಗ್ಗು ಅದರ ಕೈಗೇ ಸಿಗುತ್ತದೆ. ಸಹಿ ಹಾಕದಿದ್ದರೆ ಅದೇ ಮಗು ಇವತ್ತು ರಾತ್ರಿ ಬಾವಿಯ ಮೇಲೆ.

ಮೂರನೇ ದಾರಿ ಇತ್ತು. ಎಲ್ಲಕ್ಕಿಂತ ಹೆಚ್ಚು ಕೆಲಸದ ದಾರಿ. ಅವಳ ಹಣೆಬರಹದಲ್ಲಿ ಯಾವಾಗಲೂ ಅದೇ.

ಪಂಪು ಓಡುವಾಗ ಮಾತ್ರ ಕರೆಂಟು. ಅಂದರೆ ಯಾರೋ, ಯಾವಾಗಲೋ, ಪಂಪಿನ ಲೈನಿನಿಂದ ಕದ್ದು ಈ ಪ್ಲಗ್ಗಿಗೆ ಎಳೆದಿದ್ದಾರೆ. ಕೆಳಗೆ ಹೋಗಿ ಆ ವೈರು ಹುಡುಕಿ ಕಿತ್ತರೆ ಮುಗಿಯಿತು. ಬ್ರೋಕರಿಗೆ ಒಂದೇ ಒಂದು ಉಪಕಾರ ಕೇಳಿದಳು. ಈ ಕೋಣೆಯಲ್ಲಿ ನಿಂತು ಗೋಡೆಗೆ ಆ ಪೆನ್ನು ಹಿಡಿದಿರಬೇಕು, ಕೆಳಗಿಂದ ಕೂಗಿದಾಗ ಹೋಯ್ತೋ ಇಲ್ಲವೋ ಹೇಳಬೇಕು. ಅವನು ಕೀ ಗೊಂಚಲನ್ನು ನೆಲದ ಮೇಲಿಟ್ಟು, ಒಂದು ಫೋನು ಮಾಡಿ ಬರ್ತೀನಿ ಅಂತ ಹೋದ. ಇವತ್ತಿನವರೆಗೂ ಆ ಫೋನು ಮುಗಿದಿಲ್ಲ.

ಅಂಗಳದಲ್ಲಿ ಪಂಪಿನ ಪೆಟ್ಟಿಗೆ ತೆರೆದಳು. ಹಸಿರು ಬಟನ್, ಕೆಂಪು ಬಟನ್. ಒಳಗೆ ಧೂಳು ಹಿಡಿದು ಒಂದೇ ಬಣ್ಣಕ್ಕೆ ಬಂದ ಅರ್ಧ ಡಜನ್ ವೈರು. ಅದರಲ್ಲಿ ಮೂರು ನೀರಿನ ಪೈಪಿಗೆ ಜೋತುಬಿದ್ದು ಕತ್ತಲಲ್ಲಿ ಮೇಲಕ್ಕೆ ಹೋಗಿದ್ದವು. ಯಾವುದು ಎಲ್ಲಿಗೆ ಅಂತ ದೇವರಿಗೇ ಗೊತ್ತು. ಒಂದೊಂದಾಗಿ ಬಿಡಿಸಿ, ಪಂಪು ಓಡಿಸಿ, ಮೇಲೆ ನೋಡಬೇಕು. ಟ್ಯಾಂಕು ತುಂಬಿದ್ದರಿಂದ ಹಸಿರು ಬಟನ್ನನ್ನು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಪಂಪು ಓಡುತ್ತಿತ್ತು. ಕೈ ಇಲ್ಲಿ, ಕಣ್ಣು ಮೂರನೇ ಮಹಡಿಯಲ್ಲಿ... ಒಬ್ಬಳಿಂದ ಆಗುವ ಮಾತಲ್ಲ.

ಹೆಂಗಸು ಎದ್ದು ಬಂದಳು. "ನಾನು ಮೇಲೆ ಹೋಗಿ ನೋಡ್ಲಾ?"

"ಬೇಡ," ಅಂದಳು ಮೀಟರಕ್ಕ. ಕದ್ದ ವೈರು ಯಾವುದು ಅಂತ ಗೊತ್ತಾಗುವ ತನಕ ಮಗುವಿನ ತಾಯಿಯನ್ನು ಆ ಗೋಡೆಯ ಹತ್ತಿರ ಬಿಡುವ ಧೈರ್ಯ ಅವಳಿಗಿರಲಿಲ್ಲ.

ತಲೆಯೆತ್ತಿ ನೋಡಿದಳು. ಮೂರನೇ ಮಹಡಿಯ ಕಿಟಕಿ. ಕತ್ತಲೆ ಗಾಜು.

ಬಹಳ ಹೊತ್ತು ನೋಡಿದಳು.

ಆಮೇಲೆ ಪೆಟ್ಟಿಗೆಯ ಕರೆಂಟು ತೆಗೆದು ಮೊದಲನೇ ವೈರು ಬಿಡಿಸಿದಳು. ಕರೆಂಟು ಹಾಕಿ ಹಸಿರು ಬಟನ್ ಒತ್ತಿ ಹಿಡಿದಳು. 'ಖಟ್... ಹೂಂ...' ಕೂಗಿದಳು, ಹದಿನಾರು ವರ್ಷದಿಂದ ಕೂಗಿದ ಹಾಗೇ.

"ಹೋಯ್ತಾ?"

ಬಾವಿಯೊಳಗೆ ನೀರು ಗುಳುಗುಳು ಅಂದಿತು. ಮೇಲಿಂದ...

"ಇಲ್ಲ. ಇದೆ ಇನ್ನೂ."

ಎರಡನೇ ವೈರು. ಮತ್ತೆ ತೆಗೆದು, ಮತ್ತೆ ಹಾಕಿ, ಮತ್ತೆ ಒತ್ತಿ.

"ಹೋಯ್ತಾ?"

"...ಇದೆ."

ಹೆಂಗಸು ಮೇಲೆ ನೋಡುತ್ತಿದ್ದಳು. "ಮೇಲೆ ಇನ್ನೊಬ್ರು ಇದಾರಾ?"

"ಹ್ಞೂಂ," ಅಂದಳು ಮೀಟರಕ್ಕ. "ನಮ್ಮವರೇ."

ಮೂರನೇ ವೈರು. ಬಿಡಿಸಿದಳು. ಒತ್ತಿದಳು. ಕೇಳಿದಳು.

ಈ ಸಲ ಉತ್ತರ ತಡವಾಯಿತು. ಪಂಪು ಓಡುತ್ತಲೇ ಇತ್ತು. ಆಮೇಲೆ ಬಂದ ದನಿ ಎಷ್ಟು ಮೆಲ್ಲಗಿತ್ತು ಅಂದರೆ, ಹತ್ತಿರ ನಿಂತಿದ್ದ ಹೆಂಗಸಿಗೆ ಕೇಳಿಸಿತೋ ಇಲ್ಲವೋ.

"ಹೋಯ್ತು."

ಇಷ್ಟಕ್ಕೇ ಬರೆದುಕೊಳ್ಳಬಹುದಿತ್ತು. ಐದು ವರ್ಷದ ಹಿಂದೆ ಬರೆದುಕೊಂಡಿದ್ದಳಲ್ಲ. ಈ ಸಲ ಬರೆಯಲಿಲ್ಲ. ಆ ವೈರಿನ ತುದಿಗೆ ಟೇಪು ಸುತ್ತಿದಳು. ಹೆಂಗಸನ್ನು ಪಂಪಿನ ಪೆಟ್ಟಿಗೆಯ ಹತ್ತಿರ ನಿಲ್ಲಿಸಿ, ನಾನು ಸಾಕು ಅನ್ನುವ ತನಕ ಹಸಿರು ಬಟನ್ನಿನಿಂದ ಬೆರಳು ತೆಗೆಯಬೇಡಿ ಅಂತ ಹೇಳಿ, ಮೂರು ಮಹಡಿ ಮತ್ತೆ ಹತ್ತಿದಳು. ಕೋಣೆಯೊಳಗೆ ಹೋದಳು. ಧೂಳಿನ ಮೇಲೆ ಮೊದಲ ಹೆಜ್ಜೆ ಅವಳದೇ. ಪ್ಲಗ್ಗಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೀಟರ್ ಸಿಕ್ಕಿಸಿದಳು. ಕೆಳಗೆ ಪಂಪು ಹೂಂಗುಟ್ಟುತ್ತಿತ್ತು. ಮೀಟರ್ ಸೊನ್ನೆ ತೋರಿಸಿತು. ಸೊನ್ನೆ... ಸೊನ್ನೆ... ಎರಡು ನಿಮಿಷ ನೋಡಿದಳು. ಕಿಟಕಿ ತೆಗೆದು ಸಾಕು ಅಂತ ಕೂಗಿದಳು. ಆಮೇಲೆ ಆ ಪ್ಲಗ್ಗನ್ನೇ ಬಿಚ್ಚಿ, ಹಿಂದೆ ಇದ್ದ ವೈರಿನ ತುದಿಗೂ ಟೇಪು ಸುತ್ತಿ, ಮುಚ್ಚಳ ಹಾಕಿದಳು. ಮೇನ್ ಹಾಕಿದಳು. ಒಂದೊಂದು ಕೋಣೆಗೂ ಹೋಗಿ ಒಂದೊಂದು ಪಾಯಿಂಟನ್ನೂ ಅಳೆದಳು. ಎಲ್ಲದರ ಅಂಕಿಯೂ ಬೇರೆ ಬೇರೆ ಬಂತು. ನಿಜವಾಗಿ ಅಳೆದರೆ ಹಾಗೇ ಬರುವುದು.

ಹೊರಡುವ ಮುಂಚೆ ಮೂರನೇ ಕೋಣೆಯ ಹೊಸ್ತಿಲಲ್ಲಿ ನಿಂತಳು. ತಪ್ಪಾಯಿತು ಅನ್ನುವುದಕ್ಕೆ ಬಾಯಿ ಬರಲಿಲ್ಲ... ಅಷ್ಟು ದೊಡ್ಡ ವಿಷಯಕ್ಕೆ ಅಷ್ಟು ಚಿಕ್ಕ ಮಾತು.

"ಹೋಯ್ತು," ಅಂದಳು. "ನಾನೇ ನೋಡಿದೆ. ಇನ್ನು ಮಲಕ್ಕೊಳ್ಳಿ."

ಉತ್ತರ ಬರಲಿಲ್ಲ. ಬರಲಿಲ್ಲವಲ್ಲ ಅಂತ ಒಂದು ಗಳಿಗೆ ಬೇಜಾರೂ ಆಯಿತಂತೆ.

ಹನ್ನೊಂದೂ ಮುಕ್ಕಾಲಿಗೆ ಫಾರಮ್ಮಿನ ಫೋಟೊ ತೆಗೆದು ಆಫೀಸಿಗೆ ಕಳಿಸಿದಳು. ಪಂಪಿನ ವೈರಿನ ವಿಷಯ, ಹಳೇ ವರದಿ ಅಳೆಯದೇ ಬರೆದದ್ದು ಅನ್ನುವ ವಿಷಯ, ಎರಡನ್ನೂ ಬರೆದು ಅದರ ಕೆಳಗೆ ಸಹಿ ಹಾಕಿದಳು. ಅದಕ್ಕೆ ಆಮೇಲೆ ಆಫೀಸಿನಲ್ಲಿ ಏನೇನಾಯಿತು ಅನ್ನುವುದು ಬೇರೆಯೇ ಪುರಾಣ, ಈಗ ಬೇಡ. ಕೀ ಗೊಂಚಲು ಹೆಂಗಸಿನ ಕೈಗೆ ಕೊಟ್ಟಳು. ಅವಳು ಮಗಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ತನಕ ಹೋಗಿ, ತಿರುಗಿ ನಿಂತಳು.

"ಮೇಲಿದ್ದ ಅವರು ಇಳಿದು ಬರಲೇ ಇಲ್ವಲ್ಲ?"

"ಅವರ ಪಾಳಿ ಮುಗೀತು," ಅಂದಳು ಮೀಟರಕ್ಕ.

ಹೆಂಗಸು ಇವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳಂತೆ. ಬಕೆಟ್ಟು ಎತ್ತಿಕೊಂಡು ಹತ್ತಿದಳು. ಇವತ್ತಿಗೂ ಆ ಮನೆಯಲ್ಲೇ ಇದ್ದಾಳೆ. ಏನೂ ತೊಂದರೆ ಇಲ್ಲ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತೆ ಅನ್ನುತ್ತಾಳಂತೆ.

ನಿದ್ದೆ ಬಾರದ್ದು ನಮ್ಮಕ್ಕನಿಗೆ. ಅವತ್ತು ರಾತ್ರಿ ಹಾಸಿಗೆಗೆ ಬಿದ್ದವಳು ಎದ್ದು ಕೂತಳು. ದೀಪ ಹಾಕಿ, ಚೀಲದಿಂದ ಫಾರಮ್ಮು ತೆಗೆದು, ಆರನೇ ಸ್ವಿಚ್ಚಿಗೆ 'ಹೋಯ್ತು', 'ಬಂತು' ಅಂದ ದನಿಯನ್ನು ನೆನೆಯುತ್ತಾ ದೀಪದ ಸಾಲು ನೋಡಿದಳು. ಭಾವನನ್ನು ಎಬ್ಬಿಸಿ, ಇನ್ನು ಮೇಲೆ ನಾನು ನಿದ್ದೆಯಲ್ಲಿ ಕೇಳಿದರೆ ಉತ್ತರ ಕೊಡಬೇಡಿ ಅಂದಳು.

ಬೇಕಾದರೆ ನಂಬಿ, ಬೇಡದಿದ್ದರೆ ಬಿಡಿ. ಆ ಫಾರಮ್ಮಿನ ನಕಲು ಅವಳ ಹತ್ತಿರ ಈಗಲೂ ಇದೆ. ನಾನೇ ಕಣ್ಣಾರೆ ನೋಡಿದ್ದೇನೆ. ಕೋಣೆ ಕೋಣೆಗೂ ದೀಪ ಎಷ್ಟು ಅಂತ ಬರೆಯುವ ಒಂದು ಸಾಲು ಇದೆ ಅದರಲ್ಲಿ. ಹಾಲ್, ಎರಡು. ಅಡುಗೆಮನೆ, ಒಂದು. ಮೊದಲನೇ ಕೋಣೆ, ಒಂದು. ಎರಡನೆಯದು, ಒಂದು. ಅದರ ಕೆಳಗೆ, ದಣಿದ ಕೈಯ ಓರೆ ಅಕ್ಷರದಲ್ಲಿ, ಅವಳೇ ಕತ್ತೆತ್ತಿ ನೋಡಿ ಬರೆದದ್ದು:

ಮೂರನೇ ಕೋಣೆ. ಹೋಲ್ಡರ್ ಮಾತ್ರ. ಜೇಡ ಬಲೆ ಕಟ್ಟಿದೆ. ಬಲ್ಬ್ ಇಲ್ಲ.